ಮರೆವಿನ ಪ್ರಶ್ನೆಪತ್ರಿಕೆ ಹಿಡಿದು ಶಂಕರಪುರಕ್ಕೆ

ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಆರೂವರೆಗೆ ಚಿತ್ರದುರ್ಗದ ನಿಲ್ದಾಣದಲ್ಲಿ ಬೆಂಗಳೂರಿನ ಕೆಂಪು ಬಸ್ಸು ಹತ್ತಿದೆ. ದೂರ ಇನ್ನೂರು ಕಿಲೋಮೀಟರು, ಟಿಕೇಟು ಅರವತ್ತು ಚಿಲ್ಲರೆ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಕೊಡೆ, ಅಕ್ಕನಿಗೆಂದು ಹುರಿಸಿ ಕಟ್ಟಿಸಿಕೊಂಡ ಶೇಂಗಾ. ಜೇಬಿನಲ್ಲಿ ಎರಡು ಕಾಗದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಬೀದಿಗೆ ಫೋನು ಬಂದಿದ್ದರೂ ಮನಸ್ಸಿಗೆ ಹತ್ತಿರವಾದ ಸುದ್ದಿಯನ್ನು ನಾವಿನ್ನೂ ಕಾಗದದಲ್ಲೇ ಬರೆಯುತ್ತಿದ್ದೆವು.

ಮೊದಲನೆಯ ಕಾಗದ ಡಾಕ್ಟರ್ ಸುಮತಿಯದು. ದುರ್ಗದ ಹೈಸ್ಕೂಲಿನಲ್ಲಿ ನನ್ನ ಶಿಷ್ಯೆಯಾಗಿದ್ದವಳು, ಈಗ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ. ವಯಸ್ಸಾದವರನ್ನು ಕಾಡುವ ಮರೆವಿನ ಕಾಯಿಲೆಯ ಬಗ್ಗೆ ಮೂರು ವರ್ಷ ಸಂಶೋಧನೆ ಮಾಡಬೇಕೆಂದು ಕೇಂದ್ರ ಸರ್ಕಾರಕ್ಕೆ ಅನುದಾನ ಕೇಳಿ ಅರ್ಜಿ ಹಾಕಿದ್ದಳು. ಅದಕ್ಕೆ ಬೇಕಾದ ನೆನಪಿನ ಪರೀಕ್ಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಅಂಚೆಯಲ್ಲಿ ಕಳಿಸಿದವನು ನಾನು. ಮೂವತ್ತೆರಡು ವರ್ಷ ಪ್ರಶ್ನೆಪತ್ರಿಕೆ ತೆಗೆದ ಕೈ ಇದು. ದೆಹಲಿಯ ಸಮಿತಿ ಅರ್ಜಿಯನ್ನು ವಾಪಸು ಕಳಿಸಿತ್ತು. ಹಳೆಯ ಬಡಾವಣೆಗಳಲ್ಲಿ ಪ್ರಯೋಗಕ್ಕೆಂದು ಪರೀಕ್ಷೆ ಮಾಡಿದ ಹಿರಿಯರಲ್ಲಿ ಬಹುಪಾಲು ಜನ ನಪಾಸಾಗಿದ್ದರು. ಅಷ್ಟೂ ಜನಕ್ಕೆ ಕಾಯಿಲೆಯೋ, ಪ್ರಶ್ನೆಪತ್ರಿಕೆಯೇ ಸರಿಯಿಲ್ಲವೋ ನೋಡಿ, ತಿದ್ದಿ, ಮತ್ತೆ ಪ್ರಯೋಗಿಸಿ, ಮುಂದಿನ ಸೋಮವಾರದೊಳಗೆ ತಲುಪಿಸಬೇಕು ಎಂದಿತ್ತು ಸಮಿತಿ. ತಪ್ಪಿದರೆ ಕಡತ ಮುಂದಿನ ವರ್ಷಕ್ಕೆ.

ಎರಡನೆಯದು ಶಂಕರಪುರದಿಂದ ನನ್ನ ಅಕ್ಕನ ಮಗಳು ವಸಂತಾ ಬರೆದದ್ದು. 'ಮಾವ, ಅಮ್ಮನಿಗೂ ಆ ಪರೀಕ್ಷೆ ಮಾಡಿದರು. ಮೂವತ್ತಕ್ಕೆ ಹದಿಮೂರು ಬಂತು. ನೀವೊಮ್ಮೆ ಬನ್ನಿ.' ಅಷ್ಟೇ ಇತ್ತು. ವಸಂತಾ ಬ್ಯಾಂಕಿನಲ್ಲಿ ಗುಮಾಸ್ತೆ, ಎರಡು ಪುಟಕ್ಕೆ ಕಡಿಮೆ ಬರೆಯುವ ಹುಡುಗಿಯೇ ಅಲ್ಲ.

ಹಿರಿಯೂರು ದಾಟುವವರೆಗೆ ನಾನು ಸಮಿತಿಯವರನ್ನು ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉತ್ತರ ಬರದಿದ್ದರೆ ಪ್ರಶ್ನೆ ಸರಿಯಿಲ್ಲ ಅನ್ನುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಶಿರಾದಲ್ಲಿ ಕಾಫಿ ಕುಡಿಯುವಾಗ ಇನ್ನೊಂದು ಯೋಚನೆ ಹೊಕ್ಕಿತು. ಪ್ರಶ್ನೆಪತ್ರಿಕೆ ಸರಿಯಿದ್ದರೆ ಅಕ್ಕನ ಹದಿಮೂರೂ ಸರಿಯೇ. ಅಲ್ಲಿಂದ ತುಮಕೂರಿನವರೆಗೆ, ನಾನು ಬರೆದದ್ದೆಲ್ಲ ತಪ್ಪಾಗಿರಲಿ ಎಂದು ದೇವರನ್ನು ಬೇಡಿಕೊಂಡೆ. ಹಾಗೆ ಬೇಡಿಕೊಂಡ ಮೊದಲ ಮೇಷ್ಟ್ರು ನಾನೇ ಇರಬೇಕು.

ಹನ್ನೆರಡರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿಳಿದಾಗ ಜಿನುಗು ಮಳೆ. ಆಟೋದವನು ಶಂಕರಪುರಕ್ಕೆ ಮೀಟರಿನ ಮೇಲೆ ಹತ್ತು ಕೇಳಿದ, ನಾನು ಐದಕ್ಕೆ ಇಳಿಸಿದೆ. ಅಕ್ಕನ ಮನೆ ಹಳೆಯ ಹಂಚಿನದು. ಮುಂದೆ ಎರಡು ಕಲ್ಲಿನ ಮೆಟ್ಟಿಲು, ಒಂದು ಪಾರಿಜಾತದ ಗಿಡ. ಅಕ್ಕ ಬಾಗಿಲಲ್ಲೇ ಕೂತಿದ್ದಳು. ನೋಡಿದ ತಕ್ಷಣ ಮುಖ ಅರಳಿತು.

"ಯಾವಾಗ ಬಂದ್ಯೋ ಸೀನಾ?"

"ಈಗಲೇ ಅಕ್ಕ."

ಕಾಲು ತೊಳೆದು ಒಳಗೆ ಬಂದೆ. ಎಲೆಯ ಮುಂದೆ ಕೂತಾಗ ಯಾವಾಗ ಬಂದೆ ಎಂದು ಕೇಳಿದಳು. ಮಜ್ಜಿಗೆ ಬಡಿಸುವಾಗ ಮತ್ತೆ ಕೇಳಿದಳು. ಮೂರನೆಯ ಸಲವೂ ಮುಖದಲ್ಲಿ ಅದೇ ಸಂತೋಷ ಇತ್ತು, ಅದನ್ನು ನೋಡಲಾಗದೆ ನಾನು ಮಜ್ಜಿಗೆಯನ್ನೇ ನೋಡಿದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ನಾನು ಬರುತ್ತೇನೆಂದು ಅರ್ಧ ದಿನ ರಜೆ ಹಾಕಿದ್ದ ವಸಂತಾ ನನ್ನ ಎಲೆಗೆ ಇನ್ನಷ್ಟು ಅನ್ನ ಹಾಕಿದಳು.

ಮಂಗಳವಾರ ಬೆಳಿಗ್ಗೆ ಸುಮತಿ ಬಂದಳು. ಕೂದಲಲ್ಲಿ ನಾಲ್ಕು ನರೆ ಬಂದಿದೆ, ಆದರೂ ನನ್ನೆದುರು ಕೈ ಕಟ್ಟಿ ನಿಲ್ಲುವ ಅಭ್ಯಾಸ ಹೋಗಿಲ್ಲ. ಶಂಕರಪುರದಿಂದ ಚಾಮರಾಜಪೇಟೆಗೆ ನಡೆದೇ ಹೋದೆವು, ಇಪ್ಪತ್ತು ನಿಮಿಷದ ದಾರಿ. ಮಳೆ ಬಿಟ್ಟಿದ್ದರೂ ಮರಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ದಾರಿಯಲ್ಲಿ ಅವಳಿಗೆ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ. ಅರವತ್ತಕ್ಕೆ ಅರಳುಮರಳು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ, ಅದಕ್ಕೆ ಸರ್ಕಾರ ಏಕೆ ದುಡ್ಡು ಸುರಿಯಬೇಕು?

"ಆ ಗಾದೇನೇ ನಮ್ಮ ಶತ್ರು ಮೇಷ್ಟ್ರೇ," ಅಂದಳು. "ವಯಸ್ಸಿನ ಮರೆವು ಬೇರೆ, ಈ ಕಾಯಿಲೆ ಬೇರೆ. ಇದಕ್ಕಿನ್ನೂ ವಾಸಿ ಮಾಡೋ ಮದ್ದಿಲ್ಲ, ನಿಜ. ಆದ್ರೆ ಯಾರಿಗೆ ಬರುತ್ತೆ, ಎಷ್ಟು ಜನಕ್ಕೆ ಬಂದಿದೆ, ಮೊದಲು ಏನು ತಪ್ಪುತ್ತೆ ಅಂತ್ಲೇ ಗೊತ್ತಿಲ್ದೆ ಮದ್ದು ಹುಡುಕೋದು ಹೇಗೆ? ಮನೆಮನೆಗೆ ಹೋಗಿ ನೋಡ್ಬೇಕು, ವರ್ಷ ಬಿಟ್ಟು ಮತ್ತೆ ಅವರನ್ನೇ ನೋಡ್ಬೇಕು. ಅದನ್ನ ಯಾವ ಕಂಪನಿ ಮಾಡುತ್ತೆ? ಸರ್ಕಾರವೇ ಮಾಡ್ಬೇಕು."

ಚಾಮರಾಜಪೇಟೆಯಲ್ಲಿ ನಾವು ನೋಡಿದವರು ಶ್ರೀಕಂಠಯ್ಯನವರು. ಎಂಬತ್ತು ದಾಟಿದ ಪುರೋಹಿತರು, ಪಾಸಾಗಲು ಇಪ್ಪತ್ತನಾಲ್ಕು ಬೇಕಿದ್ದ ಮೊದಲ ಪರೀಕ್ಷೆಯಲ್ಲಿ ಹತ್ತೊಂಬತ್ತು ಅಂಕ ಬಂದು ನಪಾಸಾದವರು. ನಾನೇ ನನ್ನ ಪತ್ರಿಕೆ ಹಿಡಿದು ಮತ್ತೆ ಕೇಳಿದೆ.

"ಇಂದಿನ ದಿನಾಂಕವೇನು?"

"ಆಷಾಢ ಬಹುಳ ಪಂಚಮಿ. ನೆನ್ನೆ ಸಂಕಷ್ಟಿ ಆಯ್ತಲ್ಲ."

"ತಾರೀಖು ಸ್ವಾಮಿ, ಇಂಗ್ಲಿಷ್ ತಾರೀಖು."

"ಅದು ಪೆನ್ಶನ್ ಬರೋರಿಗೆ ಬೇಕು. ನನಗೆ ಯಾಕೆ?"

"ಇದು ಯಾವ ಋತು?"

"ಗ್ರೀಷ್ಮ."

ಕಿಟಕಿಯ ಹೊರಗೆ ಮಳೆ ಮತ್ತೆ ಹಿಡಿದಿತ್ತು. ಸುಮತಿಯ ಹತ್ತಿರವಿದ್ದ ಉತ್ತರದ ಹಾಳೆಯಲ್ಲಿ ನನ್ನದೇ ಅಕ್ಷರದಲ್ಲಿ 'ಮಳೆಗಾಲ' ಎಂದಿತ್ತು. ಮೊದಲ ಸಲ ಕೇಳಿದ ಆಸ್ಪತ್ರೆಯ ಹುಡುಗಿ, ಸುರಿಯುವ ಮಳೆಯಲ್ಲಿ ಬೇಸಿಗೆ ಅಂದ ಮುದುಕನಿಗೆ ಸೊನ್ನೆ ಹಾಕಿದ್ದಳು. ಅವಳ ತಪ್ಪಲ್ಲ. ಜ್ಯೇಷ್ಠ ಆಷಾಢ ಎರಡೂ ಗ್ರೀಷ್ಮ ಋತು, ಶ್ರಾವಣ ಹುಟ್ಟಿದ ಮೇಲೆ ವರ್ಷ ಋತು. ಪಂಚಾಂಗ ಆಕಾಶ ನೋಡಿ ಬದಲಾಗುವುದಿಲ್ಲ. ದಿನಕ್ಕೆರಡು ಸಲ ಸಂಕಲ್ಪದಲ್ಲಿ ಗ್ರೀಷ್ಮ ಋತೌ ಎಂದು ಹೇಳುವವರನ್ನು ಕೇಳಿದರೆ ಇನ್ನೇನು ಹೇಳಬೇಕು? ನಾನೂ ಆ ಸಂಕಲ್ಪ ಮಾಡುವವನೇ. ಮೇಜಿನ ಮುಂದೆ ಕೂತು ಇಂಗ್ಲಿಷ್ ಕಾಗದ ನೋಡುತ್ತಾ ಬರೆಯುವಾಗ ನನಗದು ಹೊಳೆಯಲೇ ಇಲ್ಲ.

ಶ್ರೀಕಂಠಯ್ಯನವರು ನನ್ನ ಮುಖ ನೋಡಿ, "ತಪ್ಪಾಯ್ತೇನು?" ಎಂದು ಕೇಳಿದರು. "ತಪ್ಪಾದದ್ದು ನನ್ನದು" ಎಂದೆ. ಅವರು ಒಳಗೆ ಕೂಗಿ ಕಾಫಿ ತರಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಕುಡಿದೆ. ಆದರೂ ಹೊಟ್ಟೆಯೊಳಗೆ ಸಣ್ಣದೊಂದು ಖುಷಿ ಇತ್ತು, ಸುಳ್ಳೇಕೆ ಹೇಳಲಿ. ಪುರೋಹಿತರ ವಿಷಯದಲ್ಲಿ ಪತ್ರಿಕೆ ತಪ್ಪಾದರೆ ಅಕ್ಕನ ವಿಷಯದಲ್ಲಿ ಏಕೆ ತಪ್ಪಾಗಿರಬಾರದು?

ಬುಧವಾರ ಸಿಟಿ ಬಸ್ಸಿನಲ್ಲಿ ಶ್ರೀರಾಂಪುರಕ್ಕೆ ಹೋದೆವು, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಗಮ್ಮ ಅಲ್ಲಿ ಒಂದು ವಠಾರದ ಕೊನೆಯ ಮನೆಯಲ್ಲಿದ್ದಳು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು, ಮಿಲ್ಲಿನಲ್ಲಿ ದುಡಿದು, ಈಗ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಸಂಜೆ ಹೂವು ಮಾರುತ್ತಾಳೆ. ಓದು ಬರಹ ಇಲ್ಲ. ಅವಳ ಅಂಕ ಹನ್ನೆರಡು.

"ನಾವೀಗ ಎಷ್ಟನೇ ಅಂತಸ್ತಿನಲ್ಲಿದ್ದೇವೆ?" ನಾನೇ ಬರೆದ ಪ್ರಶ್ನೆ, ಕೇಳಲು ನನಗೇ ನಾಚಿಕೆಯಾಯಿತು.

ಗಂಗಮ್ಮ ತಲೆಯೆತ್ತಿ ಶೀಟಿನ ಮಾಡು ನೋಡಿ, ಆಮೇಲೆ ನನ್ನನ್ನು ನೋಡಿದಳು. "ಅಂತಸ್ತು ಎಲ್ಲೈತೆ ಸಾಮಿ? ಇರೋದೇ ಇದೊಂದು ರೂಮು."

"ಹೋಗಲಿ, ಇದು ಯಾವ ತಿಂಗಳು?"

"ತಿಂಗ್ಳು ಗೊತ್ತಿಲ್ಲ. ಪುನರ್ವಸು ಮಳೆ ನಡೀತೈತೆ. ಇನ್ನೈದಾರು ದಿನಕ್ಕೆ ಪುಷ್ಯ ಹುಟ್ತದೆ. ಆಷಾಡ ಅಲ್ವಾ, ಮದ್ವೆ ಇಲ್ಲ, ಹೂವಿಗೆ ರೇಟೇ ಇಲ್ಲ."

ಬೆಂಗಳೂರಿಗೆ ಬಂದು ಐವತ್ತು ವರ್ಷವಾದರೂ ಅವಳ ಲೆಕ್ಕ ಹೊಲದಲ್ಲೇ ಇತ್ತು. ತಿಂಗಳು, ಮಳೆಯ ನಕ್ಷತ್ರ, ಪೇಟೆಯ ಧಾರಣೆ ಮೂರನ್ನೂ ಒಂದೇ ಉಸಿರಿಗೆ ಹೇಳಿದವಳಿಗೆ ನಾವು ಸೊನ್ನೆ ಕೊಟ್ಟಿದ್ದೆವು. ಮೂರು ವಸ್ತುಗಳ ಹೆಸರು ಹೇಳಿ, ಐದು ನಿಮಿಷ ಬೇರೆ ಮಾತಾಡಿಸಿ, ಮತ್ತೆ ಕೇಳುವ ಒಂದು ಪ್ರಶ್ನೆಯಿದೆ. ನಾನು ಹಡಗು, ಸೇಬು, ಕುರ್ಚಿ ಎಂದು ಬರೆದಿದ್ದೆ. ಗಂಗಮ್ಮ ಹಡಗು ಕಂಡವಳಲ್ಲ. ಕಾಣದ್ದನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಟ್ಟಿದ್ದಳು ಅಷ್ಟೇ.

ಅಲ್ಲಿಂದ ಮಲ್ಲೇಶ್ವರಕ್ಕೆ ನಡೆದು ಒಬ್ಬ ನಿವೃತ್ತ ಹೆಡ್‌ಮಾಸ್ಟರ ಮನೆಗೆ ಹೋದೆವು. ಅವರು ಇಂಗ್ಲಿಷ್ ತಾರೀಖನ್ನೂ ಹೇಳಿ, ವಾರವನ್ನೂ ಹೇಳಿ, ನೂರರಿಂದ ಏಳೇಳು ಕಳೆಯುತ್ತಾ ನಿಲ್ಲದೆ ಹೋಗಿ ಪೂರಾ ಅಂಕ ತೆಗೆದರು. ಅಷ್ಟಕ್ಕೆ ಬಿಡದೆ ನಮಗೇ ಪಾಠ ಮಾಡಿದರು.

"ಮಕ್ಕಳಿಗೆ ಮದ್ದು, ಲಸಿಕೆ ಕೊಡೋಕೇ ದುಡ್ಡು ಸಾಲ್ದು. ನಮ್ಮಂಥ ಮುದುಕರ ಮರೆವಿಗೆ ಯಾಕಮ್ಮ ಸರ್ಕಾರದ ಹಣ?"

ಸುಮತಿ ಬಾಯಿ ತೆರೆಯುವ ಮುಂಚೆ ಅಡುಗೆಮನೆಯಿಂದ ಅವರ ಹೆಂಡತಿಯೇ ಬಂದರು. "ನಿಮ್ಮಣ್ಣ ಎದುರು ಮನೇಲಿದ್ದು ನಮ್ಮನೆ ಯಾವುದು ಅಂತ ನಮ್ಮನ್ನೇ ಕೇಳ್ತಿದ್ರಲ್ಲ, ಮರೆತ್ರಾ? ಅತ್ತಿಗೆ ಆರು ವರ್ಷ ಬಾಗಿಲಿಗೆ ಬೀಗ ಹಾಕ್ಕೊಂಡು ಒಳಗೇ ಕೂತ್ರು. ಹುಚ್ಚು ಅಂದ್ರು ಜನ, ಕರ್ಮ ಅಂದ್ರು. ಇದೊಂದು ಕಾಯಿಲೆ, ಹೀಗ್ಹೀಗೆ ನೋಡ್ಕೊಳಿ ಅಂತ ಒಬ್ರಾದ್ರೂ ಹೇಳಿದ್ದಿದ್ರೆ ಆ ತಾಯಿ ಇನ್ನೊಂದಷ್ಟು ದಿನ ಬದುಕ್ತಿದ್ರು. ಡಾಕ್ಟ್ರೇ, ನೀವು ದುಡ್ಡು ಕೇಳಿ. ಇನ್ನೂ ಜಾಸ್ತಿ ಕೇಳಿ."

ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳತೊಡಗಿದರು. ವಾಪಸು ಬರುವಾಗ ಸುಮತಿ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದಳು. ಅರ್ಜಿಯಲ್ಲಿ ನಲವತ್ತು ಪುಟ ಬರೆದು ಹೇಳಲಾಗದ್ದನ್ನು ಆಕೆ ಸೌಟು ಹಿಡಿದುಕೊಂಡು ಹೇಳಿಬಿಟ್ಟರು ಎಂದಳು.

ಗುರುವಾರವಿಡೀ ಅಕ್ಕನ ಮನೆಯ ನಡುಮನೆಯಲ್ಲಿ ಕೂತು ಪತ್ರಿಕೆಯನ್ನು ಹೊಸದಾಗಿ ಬರೆದೆವು. ದಿನಾಂಕದ ಬದಲು ತಿಥಿ, ಹಬ್ಬ, ಮಳೆಯ ನಕ್ಷತ್ರ, ಯಾವುದು ಹೇಳಿದರೂ ಸರಿ. ಅಂತಸ್ತು ತೆಗೆದು, ದೇವರ ಮನೆ ಯಾವ ದಿಕ್ಕಿಗಿದೆ ಎಂದು ಕೇಳಿದೆವು. ಕಳೆಯುವ ಲೆಕ್ಕ ಬಾರದವರಿಗೆ ವಾರಗಳನ್ನು ಕೊನೆಯಿಂದ ಹಿಂದಕ್ಕೆ ಹೇಳುವುದು. ಕಾಗದ ಪೆನ್ಸಿಲು ಹಿಡಿಯದವರಿಗೆ ಚಿತ್ರ ನೋಡಿ ಬರೆಯುವ ಬದಲು ಬೆಂಕಿಕಡ್ಡಿ ಜೋಡಿಸುವುದು. ಒಂದೊಂದಕ್ಕೂ ನಾವು ಜಗಳವಾಡಿದೆವು. ನಾನು ಸುಲಭ ಮಾಡಲು ಹೋದಾಗಲೆಲ್ಲ ಸುಮತಿ ತಡೆದಳು. "ಪಾಸ್ ಮಾಡ್ಸೋದು ನಮ್ಮ ಕೆಲಸ ಅಲ್ಲ ಮೇಷ್ಟ್ರೇ. ನಿಜ ಗೊತ್ತಾಗ್ಬೇಕು." ಇದನ್ನು ನಾನೇ ಅವಳಿಗೆ ಎಂಟನೇ ಕ್ಲಾಸಿನಲ್ಲಿ ಕಲಿಸಿದ್ದು. ಮೂರು ವಸ್ತುಗಳಿಗೆ ಹುಣಸೆಹಣ್ಣು, ಕೊಡೆ, ಗಂಟೆ ಎಂದು ಬರೆದೆ. ಸಂಜೆ ಗಾಂಧಿಬಜಾರಿನ ಡಿ.ಟಿ.ಪಿ. ಅಂಗಡಿಯಲ್ಲಿ ಅಚ್ಚು ಮಾಡಿಸಿ, ಹತ್ತಿರದ ಹೋಟೆಲಿನಲ್ಲಿ ಖಾಲಿ ದೋಸೆ ತಿಂದು, ಬೈ ಟೂ ಕಾಫಿ ಕುಡಿದೆವು. ಬೆಣ್ಣೆ ಚೆನ್ನಾಗಿತ್ತು, ಚಟ್ನಿ ನೀರು.

ಶುಕ್ರವಾರ ಬೆಳಿಗ್ಗೆಯಿಂದ ಆಸ್ಪತ್ರೆಯ ಇಬ್ಬರು ಒಂದೊಂದು ಬಡಾವಣೆಗೆ ಹೊರಟರು. ಚಾಮರಾಜಪೇಟೆಯಿಂದ ಅಕ್ಕನ ಮನೆಗೆ ಮೊದಲ ಫೋನು ಬಂತು: ಶ್ರೀಕಂಠಯ್ಯನವರಿಗೆ ಇಪ್ಪತ್ತೆಂಟು. ಸ್ವಲ್ಪ ಹೊತ್ತಿಗೆ ಶ್ರೀರಾಂಪುರದ ಎಸ್‌ಟಿಡಿ ಬೂತಿನಿಂದ: ಗಂಗಮ್ಮನಿಗೆ ಇಪ್ಪತ್ತಾರು. ವಸಂತಾ ಅಂದು ಬ್ಯಾಂಕಿಗೆ ರಜೆ ಹಾಕಿದ್ದಳು. ಒಂದೊಂದು ಫೋನು ಬಂದಾಗಲೂ ಅವಳು ಅಮ್ಮನ ಕಡೆ ನೋಡುತ್ತಿದ್ದಳು, ನಾನೂ ನೋಡುತ್ತಿದ್ದೆ.

ಸಂಬಂಧಿಕರು ಪರೀಕ್ಷೆ ಮಾಡಬಾರದೆಂಬುದು ನಿಯಮ. ಆದರೆ ಸುಮತಿ ಪತ್ರಿಕೆ ಹಿಡಿದು ಕೂತ ತಕ್ಷಣ ಅಕ್ಕ ಮುಖ ತಿರುಗಿಸಿದಳು. "ನೀವು ಯಾರಮ್ಮ? ಸೀನ ಕೇಳಲಿ, ಅವನಿಗೆ ಹೇಳ್ತೀನಿ." ಕೊನೆಗೆ ಸುಮತಿ ಗಡಿಯಾರ ಇಟ್ಟುಕೊಂಡು ಪಕ್ಕದಲ್ಲಿ ಕೂತಳು, ನಾನು ಕೇಳಿದೆ.

"ಅಕ್ಕ, ಮೂರು ಹೆಸರು ಹೇಳ್ತೀನಿ, ನೆನಪಿಟ್ಕೋ. ಹುಣಸೆಹಣ್ಣು, ಕೊಡೆ, ಗಂಟೆ."

"ಹುಣಸೆಹಣ್ಣು, ಕೊಡೆ, ಗಂಟೆ," ಎಂದಳು ಅಚ್ಚುಕಟ್ಟಾಗಿ.

ದೇವರ ಮನೆಯ ದಿಕ್ಕು ಹೇಳಿದಳು. ತಿಥಿ ಕೇಳಿದಾಗ ಏಕಾದಶಿ ಇರಬೇಕು, ಹಸಿವಾಗ್ತಿದೆ ಎಂದು ನಕ್ಕಳು. ಮಾಸ ಕೇಳಿದರೆ ಕಾರ್ತಿಕ ಎಂದಳು. ವಾರಗಳನ್ನು ಹಿಂದಕ್ಕೆ ಹೇಳುತ್ತಾ ಶುಕ್ರವಾರದಲ್ಲಿ ನಿಂತು, ಅಲ್ಲೇ ನಿಂತುಬಿಟ್ಟಳು. ಐದು ನಿಮಿಷವಾಯಿತೆಂದು ಸುಮತಿ ತಲೆಯಾಡಿಸಿದಳು.

"ನಾನು ಮೂರು ಹೆಸರು ಹೇಳಿದ್ದೆನಲ್ಲ ಅಕ್ಕ, ಅವು ಯಾವುವು?"

"ಯಾವ ಹೆಸರೋ? ಯಾರ ಹೆಸರು?"

ನನ್ನ ಕೊಡೆ ಬಾಗಿಲ ಮೂಲೆಯಲ್ಲೇ ನೇತಾಡುತ್ತಿತ್ತು. ಮೂವತ್ತೆರಡು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ನಿಂತಿದ್ದೇನೆ, ಒಬ್ಬ ಹುಡುಗನಿಗೂ ಕಣ್ಸನ್ನೆ ಮಾಡಿದವನಲ್ಲ. ನನ್ನ ಕಣ್ಣು ತಾನಾಗಿಯೇ ಆ ಮೂಲೆಗೆ ಹೋಯಿತು. ಅಕ್ಕ ನನ್ನ ಕಣ್ಣನ್ನು ಹಿಂಬಾಲಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮತಿ ಎಲ್ಲವನ್ನೂ ಕಂಡು, ಏನೂ ಕಾಣದವಳಂತೆ ಗಡಿಯಾರ ತಿರುಗಿಸಿದಳು. ನಾನು ಕೊಡೆಯಿಂದ ಕಣ್ಣು ಕಿತ್ತು ಪತ್ರಿಕೆಯಲ್ಲಿ ಮೂರು ಸೊನ್ನೆ ಬರೆದೆ. ಒಟ್ಟು ಹದಿನಾಲ್ಕು ಬಂತು.

ಪತ್ರಿಕೆ ಈಗ ಸರಿಯಾಗಿತ್ತು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ನನ್ನನ್ನು ಹುಡುಕಿಕೊಂಡು ಬಂದ ವಸಂತಾ ಪಕ್ಕದಲ್ಲಿ ನಿಂತಳು.

"ಮಾವ, ಒಂದು ಹೇಳ್ಲಾ? ನಾನು ಎರಡು ವರ್ಷದಿಂದ ಅಮ್ಮನ್ನ ಬೈತಾ ಇದೀನಿ. ಬೇಕೂಂತ ಮಾಡ್ತಾಳೆ, ಹಟ ಅಂತ. ಸಾರಿಗೆ ಉಪ್ಪು ಜಾಸ್ತಿಯಾದ್ರೆ ತಟ್ಟೆ ಕುಕ್ಕಿದೀನಿ. ಇವತ್ತು ಬೆಳಿಗ್ಗೆವರೆಗೂ ಪತ್ರಿಕೇನೇ ತಪ್ಪು ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತಲ್ಲ, ಇನ್ಮೇಲೆ ಬಯ್ಯಲ್ಲ." ಅವಳೂ ಅಳುತ್ತಿದ್ದಳು, ಆದರೆ ಬಹಳ ದಿನದ ಭಾರ ಇಳಿಸಿದವರ ಅಳು ಅದು.

ಸುಮತಿ ಸುಳ್ಳು ಸಮಾಧಾನ ಹೇಳಲಿಲ್ಲ. ಇದು ಮೊದಲ ಹಂತ, ಅಕ್ಕನ ಜೊತೆ ಇನ್ನೂ ಒಳ್ಳೆಯ ವರ್ಷಗಳಿವೆ, ದಿನಚರಿ ಬದಲಿಸಬೇಡಿ, ಒಲೆಯ ಹತ್ತಿರ ಒಬ್ಬಳನ್ನೇ ಬಿಡಬೇಡಿ, ಹೂವು ಕಟ್ಟುತ್ತಾಳಾ, ಕಟ್ಟಲಿ ಎಂದಳು. ಅನುದಾನ ಬಂದರೆ ವಾರಕ್ಕೊಂದು ದಿನ ಇಂಥವರಿಗೇ ಒಂದು ಚಿಕಿತ್ಸಾಲಯ ತೆರೆಯುವುದೂ ಅರ್ಜಿಯಲ್ಲಿತ್ತು. ಸಂಜೆ ಐದಕ್ಕೆ ನಾವಿಬ್ಬರೂ ಬಸವನಗುಡಿಯ ಅಂಚೆ ಕಚೇರಿಯಲ್ಲಿ ಲಕೋಟೆಗೆ ಅಂಟು ಹಚ್ಚಿ ಸ್ಪೀಡ್ ಪೋಸ್ಟ್ ಮಾಡಿದೆವು. ಒಳಗಿದ್ದ ಅಂಕಗಳಲ್ಲಿ ಅಕ್ಕನದೂ ಒಂದು, ಹೆಸರಿಲ್ಲ, ಬರೀ ನಂಬರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಕೋಟೆ ಹೊತ್ತಿಗೆ ಸರಿಯಾಗಿ ತಲುಪಿತು. ಕೆಲವು ತಿಂಗಳ ಮೇಲೆ ಸುಮತಿಯ ಕಾಗದ ಬಂತು. ಸರ್ಕಾರ ಮೂರು ವರ್ಷದ ಬದಲು ಎರಡು ವರ್ಷಕ್ಕೆ ಹಣ ಕೊಟ್ಟಿತ್ತು, ಆದರೆ ಕೊಟ್ಟಿತ್ತು. ಚಿಕಿತ್ಸಾಲಯ ಬುಧವಾರ ಬುಧವಾರ ನಡೆಯುತ್ತದೆ. ಆ ಹೆಡ್‌ಮಾಸ್ಟರು ಬೆಂಚಿನಲ್ಲಿ ಕಾಯುವವರಿಗೆ ಚೀಟಿ ಕೊಡುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಅವರ ಹೆಂಡತಿಯೇ ಕಳಿಸಿದ್ದಂತೆ.

ಶನಿವಾರ ಬೆಳಿಗ್ಗೆ ಹೊರಟೆ. ಅಪರೂಪಕ್ಕೆ ಬಿಸಿಲಿತ್ತು. ವಸಂತಾ ಗೇಟಿನ ಹತ್ತಿರ ಆಟೋ ನಿಲ್ಲಿಸಿದಳು. ಅಕ್ಕ ಮೆಟ್ಟಿಲ ಮೇಲೆ ನಿಂತು, ಯಾವಾಗ ಬಂದೆ ಎಂದು ಕೇಳಿದಳು. ಈಗ ಹೊರಟೆ ಅಕ್ಕ ಎಂದೆ. ಕಾಲಿಗೆ ನಮಸ್ಕಾರ ಮಾಡಿ ಆಟೋ ಹತ್ತಿದೆ. ಆಟೋ ಇನ್ನೇನು ಹೊರಡಬೇಕು, ಅವಳು ಎರಡೂ ಮೆಟ್ಟಿಲಿಳಿದು ಬೇಗ ಬೇಗ ಬಂದು ಕಂಬಿ ಹಿಡಿದುಕೊಂಡಳು.

"ಸೀನಾ, ಹುಣಸೆಹಣ್ಣು."

ನಾನು ಆಟೋದವನಿಗೆ ನಿಲ್ಲಿಸೆಂದು ಕೈ ತೋರಿಸಿದೆ.

"ನೆನಪಿಟ್ಕೋ ಅಂದಿದ್ಯಲ್ಲೋ. ಹುಣಸೆಹಣ್ಣು."

ಐದು ನಿಮಿಷಕ್ಕೆ ಕೇಳಬೇಕಾದ ಪ್ರಶ್ನೆಗೆ ಸುಮಾರು ಒಂದು ದಿನ ಬಿಟ್ಟು ಉತ್ತರ ಬಂದಿತ್ತು. ಅದಕ್ಕೆ ಅಂಕ ಕೊಡಲು ನಮ್ಮ ಹೊಸ ಪತ್ರಿಕೆಯಲ್ಲೂ ಜಾಗವಿರಲಿಲ್ಲ. ಇದನ್ನು ಸುಮತಿಗೆ ಬರೆಯಬೇಕು ಎಂದುಕೊಂಡೆ. ಮೇಷ್ಟ್ರ ಬುದ್ಧಿ, ಆಸೆ ಬಿಡಲಿಲ್ಲ.

"ಇನ್ನೆರಡು ಯಾವುದು ಅಕ್ಕ?"

ಅವಳು ನನ್ನ ಕೆನ್ನೆಗೆ ಮೆಲ್ಲಗೆ ತಟ್ಟಿದಳು. "ಅವೆರಡು ನೀನಿಟ್ಕೋ. ಎಲ್ಲಾನೂ ನಾನೊಬ್ಳೇ ಇಟ್ಕೊಳ್ಳೋಕಾಗುತ್ತೇನೋ?"